ಹಾಸು ಮುಗಿದ ಮೇಲೆ

1999ರ ಮಾರ್ಚ್ 18ರ ಮಧ್ಯಾಹ್ನ ಮೊಳಕಾಲ್ಮೂರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಮೈತುಂಬ ಮಣ್ಣು ಮೆತ್ತಿಕೊಂಡಿತ್ತು. ಹುಬ್ಬಿನ ಮೇಲೊಂದು ಗಾಯವಿತ್ತು. ಅವನು ರೇಷ್ಮೆ ಸೀರೆ ನೇಯುವ ಯರ್ರಪ್ಪ. ನೇಕಾರರ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಮದುವೆಯಾದಾಗಿನಿಂದ ಇದ್ದವನು.

"ಸಾರ್, ಮನೆ ಬಿದ್ದೋತು," ಎಂದ. "ಮುಂದ್ಲ ಅಂಕಣದ ಚಪ್ಪಡಿ ಎಲ್ಲಾ ಕೆಳಗೆ ಬಂದ್ವು. ಓನರ್ರ ಮಗ ಅದರಡೀಗೆ ಐದಾನೆ."

"ಜೀವ ಐತಾ?" ಹೆಡ್ ಕಾನ್‌ಸ್ಟೆಬಲ್ ಓಬಣ್ಣ ಟೋಪಿ ಹುಡುಕುತ್ತ ಕೇಳಿದ.

"ಕೂಗಿದ್ರೆ ಓಗೊಡ್ಲಿಲ್ಲ."

ಜೀವ ಇರಲಿಲ್ಲ. ಓಬಣ್ಣ ಮತ್ತು ಇಬ್ಬರು ಕಾನ್‌ಸ್ಟೆಬಲ್‌ಗಳು ಹೋಗುವ ಹೊತ್ತಿಗೆ ಬೀದಿಯವರೆಲ್ಲ ಸೇರಿ ಕಲ್ಲು ಸರಿಸುತ್ತಿದ್ದರು. ದೊಡ್ಡ ಚಪ್ಪಡಿಗೆ ಹೆಗಲು ಕೊಟ್ಟು ಎತ್ತಿದವರಲ್ಲಿ ಯರ್ರಪ್ಪನೂ ಇದ್ದ. ಹೆಣವನ್ನು ತೋಳು ಹಿಡಿದು ಹೊರಗೆಳೆದವನೂ ಅವನೇ, ಎಳೆಯುವಾಗ ಅಳುತ್ತಿದ್ದ. ಸತ್ತವನು ಚಳ್ಳಕೆರೆಯ ರಫೀಕ್, ಇಪ್ಪತ್ತಾರರ ಹುಡುಗ. ಅವನ ಕೆಳಗೆ ಚಾಪೆಯಿತ್ತು, ಮಡಿಸಿದ ಟವೆಲ್ಲು ತಲೆಯಡಿ ಹಾಗೇ ಇತ್ತು. ಬಿಸಿಲಿಗೆ ಅಂಜಿ ತಂಪು ನೆಲದ ಮೇಲೆ ಮಲಗಿದವನು ಏಳಲಿಲ್ಲ, ಅಷ್ಟೆ.

ಶವದ ಪಂಚನಾಮೆಗೆ ನೆರೆಹೊರೆಯವರನ್ನೇ ಪಂಚರನ್ನಾಗಿ ಮಾಡಿಕೊಂಡರು. ಓಬಣ್ಣ ಹೆಸರು ಕೇಳಿ ಕೇಳಿ ಬರೆದ, ಅವರು ಸಹಿ ಹಾಕಿದರು. ಮೊದಲ ಸಹಿ ಯರ್ರಪ್ಪನದು. ಅಸ್ವಾಭಾವಿಕ ಸಾವು ಎಂದು ಪ್ರಕರಣ ದಾಖಲಾಯಿತು. ಇಂಥ ಸಾವು ಇಂಥ ಬೀದಿಯಲ್ಲಿ ಹೊಸದೇನಲ್ಲ ಎಂದು ಠಾಣೆಯವರೆಲ್ಲ ಚಹಾ ಕುಡಿದರು.

ಸಂಜೆ ಚಳ್ಳಕೆರೆಯಿಂದ ರಸೂಲ್ ಸಾಬ್ ಬಂದರು. ಎಣ್ಣೆ ಗಿರಣಿಗಳ ಎಂಜಿನ್ ರಿಪೇರಿ ಮಾಡುವ ಮನುಷ್ಯ, ಅಂಗೈಯ ಗೆರೆಗಳಲ್ಲಿ ಗ್ರೀಸು. ಹಿಂದೆ ಹೆಂಡತಿ ಸಕೀನಾ ಬೀ ಇದ್ದರು. ಆಕೆ ಗಂಡನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಬೆಂಚಿನ ಮೇಲೆ ಕೂತಾಗ ಇಬ್ಬರ ನಡುವೆ ಮೂರನೆಯವನೊಬ್ಬ ಕೂರುವಷ್ಟು ಜಾಗ ಬಿಟ್ಟಿದ್ದರು.

ಸರ್ಕಲ್ ಇನ್ಸ್‌ಪೆಕ್ಟರ್ ದೊಡ್ಡಪಾಲಯ್ಯ ಖುದ್ದಾಗಿ ಹೇಳಿಕೆ ಬರೆದುಕೊಂಡರು. ಮನೆ ವ್ಯವಹಾರದ ಕೇಸು ಎಂದರೆ ಅವರಿಗೆ ಮೈಯುರಿ. ಕೊಳ್ಳುವವನು ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಾನೆ, ಮಾರುವವನು ಬಾಯಿ ಮುಚ್ಚಿಕೊಂಡು ಮಾರುತ್ತಾನೆ, ಆಮೇಲೆ ಇಬ್ಬರೂ ಠಾಣೆಗೆ ಬಂದು ಬಾಯಿ ಬಿಡುತ್ತಾರೆ ಎನ್ನುವುದು ಅವರ ಅನುಭವ.

"ಮನೆ ಯಾರಿಂದ ಕೊಂಡ್ರಿ?"

"ರೇಷ್ಮೆ ಅಂಗಡಿ ಹೇಮಂತ್ ಹತ್ರ ಸಾಬ್. ಬಾಡಿಗೆ ಬರ್ಲಿ ಅಂತ ಕೊಂಡಿದ್ದು. ಹಿಂದ್ಲ ಅಂಕಣದಾಗೆ ನೇಕಾರರು ಮೊದ್ಲಿಂದ ಅವ್ರೆ. ಮುಂದ್ಲದು ಖಾಲಿ ಇತ್ತು. ಗೊಬ್ಬರದ ಅಂಗಡಿಯೋರು ಬಂದು ಇಡೀ ಮನೆ ಕೊಡ್ರಿ ಅಂದ್ರು."

"ನೇಕಾರರು ಬಿಡ್ತೀವಿ ಅಂದ್ರಾ?"

"ಹಾಸು ಮುಗಿದ ಮೇಲೆ ಬಿಡ್ತೀವಿ ಅಂದ್ರು. ದಸರಾಕ್ಕೆ ಅಂದ್ರು, ದೀಪಾವಳಿಗೆ ಅಂದ್ರು. ರಂಜಾನೂ ಕಳೀತು. ಇನ್ನೂ ಹಾಸು ಮುಗಿದಿಲ್ಲ ಅಂತಾರೆ."

ಪಕ್ಕದಲ್ಲಿ ನಿಂತಿದ್ದ ಓಬಣ್ಣನಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. "ಸಾಬ್ರೆ, ಅವರು ಮುಗಿಯಾಕೆ ಬಿಟ್ರೆ ತಾನೆ?" ಎಂದ.

ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿರುವ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಲ್ಲಿ ಕೆಲವು ಸೀರೆ ಆಗುತ್ತವೆ. ಆದರೆ ಅದು ಪೂರ್ತಿ ತೀರುವ ತನಕ ಯಾವ ನೇಕಾರನೂ ಕಾಯುವುದಿಲ್ಲ. ಕೊನೆಯ ತುಂಡು ಇರುವಾಗಲೇ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಆ ಕೆಲಸ ಹೆಚ್ಚಾಗಿ ಹೆಂಗಸರದು. ಹೀಗಾಗಿ ಮಗ್ಗ ಇರುವ ತನಕ ಹಾಸು ಇದ್ದೇ ಇರುತ್ತದೆ. ಮೊಳಕಾಲ್ಮೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಚಳ್ಳಕೆರೆಯ ಎಂಜಿನ್ ಮೇಸ್ತ್ರಿಗೆ ಗೊತ್ತಿರಲಿಲ್ಲ. ಯರ್ರಪ್ಪ ಅವರ ಕಿವಿಗೆ ಚೆನ್ನಾಗಿ ಹೂವಿಟ್ಟಿದ್ದ.

ರಸೂಲ್ ಸಾಬ್ ಸಿಟ್ಟಾಗಲಿಲ್ಲ. ಅವರ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು.

"ಆ ರೂಮಿನ ನಡುವೆ ಒಂದು ಮರದ ಕಂಬ ಇತ್ತು ಸಾಬ್. ಮೂಟೆ ಹೊತ್ತು ತಿರುಗೋಕೆ ಅಡ್ಡ ಆಗುತ್ತೆ, ತೆಗೆಸಿಕೊಡಿ ಅಂತ ಗೊಬ್ಬರದೋರು ಅಂದ್ರು. ನಿನ್ನೆ ನಾನೇ ಮಗನಿಗೆ ಹೇಳಿ ಕಳಿಸ್ದೆ, ಆ ಕಂಬ ಕಿತ್ತು ಬಿಸಾಕಿ ಬಾ ಅಂತ." ಅವರು ಹೆಂಡತಿಯ ಕಡೆ ನೋಡಲಿಲ್ಲ. "ಅದು ಚಾವಣಿ ಹೊತ್ತಿರೋ ಕಂಬ ಅಂತ ನನಗ್ಯಾರೂ ಹೇಳ್ಲಿಲ್ಲ. ನಾನೇ ಕೊಂದೆನಾ ಸಾಬ್?"

ಸಕೀನಾ ಬೀ ಆಗ ಬಾಯಿ ತೆರೆದರು. "ಹೌದು," ಎಂದರು.

ಆ ರಾತ್ರಿಯೇ ದೂರು ದಾಖಲಾಯಿತು. ಮೊ.ನಂ. 31/99, ವಂಚನೆ ಮತ್ತು ನಿರ್ಲಕ್ಷ್ಯದಿಂದ ಸಾವು, ಆರೋಪಿ ಹೇಮಂತ್.

ಮರುದಿನ ಬೆಳಿಗ್ಗೆ ಹೇಮಂತ್‌ನನ್ನು ಅಂಗಡಿಯಿಂದಲೇ ಕರೆತಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಉಂಗುರ. ಊರಿನ ಅರ್ಧ ಮಗ್ಗಗಳಿಗೆ ಅವನೇ ರೇಷ್ಮೆ ಕೊಡುವವನು. ಯರ್ರಪ್ಪನ ಮಗ್ಗದ ರೇಷ್ಮೆಯೂ ಅವನದೇ.

"ಆ ಮನೇಲಿ ಏನು ಒಡೆಸಿದ್ರಿ?"

"ಒಂದು ಅಡ್ಡಗೋಡೆ ಸಾರ್. ಹಾಲ್ ದೊಡ್ಡದಾಗ್ಲಿ ಅಂತ."

"ಗೋಡೆ ಮೇಲೆ ಏನಿತ್ತು?"

"ಚಪ್ಪಡಿ."

"ಪಂಚಾಯಿತಿ ಪರ್ಮಿಷನ್?"

"ನಮ್ಮ ಸ್ವಂತ ಮನೆ ಒಳಗಿನ ಗೋಡೆ ಅಲ್ವಾ ಸಾರ್..."

"ನಾನು ಕೇಳಿದ್ದು ಪರ್ಮಿಷನ್."

"ತಗೊಂಡಿಲ್ಲ."

ಗೋಡೆ ಹೊತ್ತಿದ್ದ ಭಾರಕ್ಕೆ ಒಂದು ಬೇವಿನ ತೊಲೆ, ತೊಲೆಯ ನಡುವಿಗೆ ಒಂದು ಕಂಬ. ಇಷ್ಟೇ ಹೇಮಂತ್ ಮಾಡಿಸಿದ ಎಂಜಿನಿಯರಿಂಗು. ಕಂಬವನ್ನು ನೆಲದಲ್ಲಿ ಹೂಳಿಸಿರಲಿಲ್ಲ, ನೆಲಗಲ್ಲಿನ ಮೇಲೆ ನಿಲ್ಲಿಸಿ ನೆತ್ತಿಗೆ ಎರಡು ಬೆಣೆ ಹೊಡೆಸಿದ್ದ. ಆಮೇಲೆ ತೊಲೆಗೂ ಕಂಬಕ್ಕೂ ಗೋಡೆಗೂ ಒಂದೇ ಬಣ್ಣ ಬಳಿಸಿ, ಅಜ್ಜನ ಕಾಲದಿಂದ ಹಾಗೇ ಇದ್ದಂತೆ ಕಾಣುವ ಹಾಗೆ ಮಾಡಿ ಮಾರಿದ್ದ.

"ಕೊಂಡೋರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ ಸಾರ್."

ಕೇಳಲಿಲ್ಲವಂತೆ! ದೊಡ್ಡಪಾಲಯ್ಯ ಪೆನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು. ಎರಡು ಬಾರಿಸುವಷ್ಟು ಸಿಟ್ಟು ಬಂದಿತ್ತು. ಬಾರಿಸಲಿಲ್ಲ. ಇಂಥವನಿಗೆ ಅದೇ ದಿನ ಜಾಮೀನು ಸಿಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸಿಕ್ಕಿತು ಕೂಡ.

ಕೇಸು ಅಲ್ಲಿಗೇ ಮುಗಿಯಬಹುದಿತ್ತು. ಮಾರಿದವನು ಮುಚ್ಚಿಟ್ಟ, ತಂದೆ ಕಿತ್ತು ಬಿಸಾಕು ಎಂದ, ಮಗ ಕಿತ್ತ, ಸತ್ತ. ಓಬಣ್ಣ ಹಾಗೆಯೇ ಬರೆದು ಇನ್ಸ್‌ಪೆಕ್ಟರ್ ಮುಂದಿಟ್ಟಿದ್ದ. ದೊಡ್ಡಪಾಲಯ್ಯರಿಗೆ ಚಾಪೆ ಸರಿಬರಲಿಲ್ಲ. ಕಂಬ ಕೀಳುವವನು ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾನೆಯೇ? ಜೊತೆಗೆ, ಕಲ್ಲು ಮಣ್ಣು ಸರಿಸಿದಾಗ ಸಿಕ್ಕ ವಸ್ತುಗಳಲ್ಲಿ ಹಾರೆ ಇಲ್ಲ, ಸುತ್ತಿಗೆ ಇಲ್ಲ. ಕಂಬವನ್ನು ಬರಿಗೈಲಿ ಕಿತ್ತನೇ?

20ರಂದು ಅವರು ಓಬಣ್ಣನನ್ನೂ ರಸೂಲ್ ಸಾಬರನ್ನೂ ಕರೆದುಕೊಂಡು ಮತ್ತೆ ಸ್ಥಳಕ್ಕೆ ಹೋದರು. ಮುಂದಿನ ಅಂಕಣದ ತಲೆಯ ಮೇಲೆ ಆಕಾಶ ಕಾಣುತ್ತಿತ್ತು. ಹಿಂದಿನ ಅಂಕಣಕ್ಕೆ ಏನೂ ಆಗಿರಲಿಲ್ಲ. ನಡುವಿನ ಮಣ್ಣುಗೋಡೆ, ಅದರಲ್ಲಿ ನೆಲಕ್ಕೆ ಹತ್ತಿರ ಒಂದು ಅಗಲವಾದ ಕಿಂಡಿ, ಎರಡೂ ಸರಿಯಾಗಿದ್ದವು. ಕಂಬವನ್ನು ಒಂದು ಬದಿಗೆ ಎಳೆದು ಹಾಕಿದ್ದರು.

ಕಂಬಕ್ಕೆ ಒಂದು ಹಗ್ಗದ ತುಂಡು ಬಿಗಿದಿತ್ತು. ರಸೂಲ್ ಸಾಬ್ ಅದನ್ನು ತೋರಿಸಿ, "ಇದೇನು ಸಾಬ್? ಯಾರು ಕಟ್ಟಿದ್ದು?" ಎಂದರು.

"ಅದು ಮಗ್ಗದ ಹಗ್ಗ ಸಾಬ್ರೆ," ಓಬಣ್ಣ ಹೇಳಿದ. "ಹಾಸು ಉದ್ದ ಇರ್ತೈತಲ್ಲ, ಮಗ್ಗ ಹಿಂದ್ಲ ಅಂಕಣದಾಗೆ ಐತೆ. ಜಾಗ ಸಾಲಲ್ಲ ಅಂತ ಆ ಕಿಂಡಿಯಿಂದ ಹಗ್ಗ ಬಿಟ್ಟು ಈ ಕಂಬಕ್ಕೆ ಕಟ್ಟಿ ಬಿಗೀತಾರೆ. ಕೂತಲ್ಲೇ ಸಡ್ಲ ಬಿಡ್ತಾರೆ, ಕೂತಲ್ಲೇ ಬಿಗಿ ಮಾಡ್ತಾರೆ. ಎಲ್ರ ಮನೆಯಾಗೂ ಹಿಂಗೇ ಏನಾದ್ರೊಂದು ಇರ್ತೈತೆ."

ಅದಕ್ಕೇ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪಂಚನಾಮೆಯಲ್ಲಿ 'ಕಂಬ ಒಂದು, ಹಗ್ಗ ಸಮೇತ' ಎಂದು ಬರೆದು ಮುಂದೆ ಹೋಗಿದ್ದರು. ನೇಕಾರರ ಊರಿನ ಪೊಲೀಸರು ನೇಕಾರನ ಹಗ್ಗವನ್ನು ನೋಡಿಯೂ ನೋಡಿರಲಿಲ್ಲ. ಬೇರೆ ಊರಿನವನೊಬ್ಬ ಬಂದು ಕೇಳಬೇಕಾಯಿತು.

ದೊಡ್ಡಪಾಲಯ್ಯ ಮಂಡಿಯೂರಿ ಕೂತರು. ಕಂಬದ ಮೇಲೆ ಮೊಣಕಾಲೆತ್ತರದಲ್ಲಿ ಹಗ್ಗ ಉಜ್ಜಿ ಉಜ್ಜಿ ಸವೆದ ಹಳೆಯ ಗೆರೆಯಿತ್ತು, ನುಣ್ಣಗೆ, ಕಪ್ಪಾಗಿ. ಆದರೆ ಹಗ್ಗ ಅಲ್ಲಿರಲಿಲ್ಲ. ಅದು ಕಂಬದ ಬುಡದಲ್ಲಿತ್ತು. ಬುಡದ ಬಣ್ಣ ಆಗಷ್ಟೇ ಕಿತ್ತುಬಂದು ಬಿಳಿ ಮರ ಕಾಣುತ್ತಿತ್ತು.

"ಓಬಣ್ಣ, ಮಗ್ಗದ ಹಾಸು ನೆಲದಿಂದ ಎಷ್ಟೆತ್ತರ ಇರ್ತೈತೆ?"

"ಮೊಣಕಾಲಷ್ಟು ಸಾರ್."

"ಹಂಗಾದ್ರೆ ಹಗ್ಗ ಪಾದದತ್ರ ಯಾಕೆ ಬಂತು?"

ಓಬಣ್ಣ ಹಗ್ಗದ ಇನ್ನೊಂದು ತುದಿಯನ್ನು ಎತ್ತಿ ನೋಡಿದ. ಅದು ಹರಿದಿರಲಿಲ್ಲ. ಕುಡುಗೋಲಿನಲ್ಲೋ ಮಚ್ಚಿನಲ್ಲೋ ಒಂದೇ ಏಟಿಗೆ ಕಡಿದಂತಿತ್ತು.

"ನನ್ನ ಮಗ ಕಂಬ ಮುಟ್ಟಿಲ್ಲ ಅಂತೀರಾ?" ರಸೂಲ್ ಸಾಬ್ ಕೇಳಿದರು.

"ಇನ್ನೂ ಏನೂ ಹೇಳಾಕಾಗಲ್ಲ. ನೀವು ಊರಿಗೆ ಹೋಗ್ರಿ."

ಅವರು ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು. ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸಲು ಅವರಿಗೆ ಒಂದು ಮಾತು ಬೇಕಾಗಿತ್ತು. ಮಗ ಕೊಲೆಯಾಗಿರಲಿ ಎಂದು ಒಬ್ಬ ತಂದೆ ದೇವರಲ್ಲಿ ಬೇಡಿಕೊಳ್ಳುವುದೂ ಉಂಟು.

ಯರ್ರಪ್ಪನ ಮೊದಲ ಹೇಳಿಕೆಯನ್ನು ದೊಡ್ಡಪಾಲಯ್ಯ ತೆಗೆಸಿ ಓದಿದರು. 'ನಾನು ಮಗ್ಗದಲ್ಲಿ ಕೂತು ನೇಯುತ್ತಿದ್ದಾಗ ದೊಡ್ಡ ಶಬ್ದವಾಯಿತು.' ಓದಿದವರೇ ಎದುರು ಮನೆಯ ತಿಪ್ಪೇರುದ್ರಮ್ಮನ ಜಗಲಿಗೆ ಹೋದರು. ಎಪ್ಪತ್ತು ದಾಟಿದ ಮುದುಕಿ, ಎಲೆ ಅಡಿಕೆ ಕುಟ್ಟುತ್ತಿತ್ತು.

"ಅವತ್ತು ಮನೆ ಬೀಳೋವಾಗ ಯರ್ರಪ್ಪ ಮಗ್ಗ ನೇಯ್ತಿದ್ನಾ ಅಜ್ಜಿ?"

"ಎಲ್ಲಿ ನೇಯ್ತಾನಪ್ಪ? ಮಗ್ಗದ ಸದ್ದು ನಿಂತು ವಾರದ ಮೇಲಾತು. ಆ ಸದ್ದು ಕೇಳ್ದೆ ನಂಗೆ ಮಧ್ಯಾಹ್ನ ನಿದ್ದೇನೇ ಹತ್ತಲ್ಲ. ಯಾಕಲಾ ಅಂತ ಕೇಳಿದ್ರೆ, ಮೈ ಹುಷಾರಿಲ್ಲ ಅಂದ."

"ಅವತ್ತು ಏನಾರ ಸದ್ದು ಕೇಳಿಸ್ತಾ?"

"ಮಾಳಿಗೆ ಬೀಳಾಕೆ ಮುಂಚೆ ಕಿರ್ ಅಂತ ಮರ ತಿರುಗಿದಂಗೆ ಆತು. ಓ, ಹುಡುಗ ಮತ್ತೆ ಮಗ್ಗಕ್ಕೆ ಕೂತ ಅಂತ ನಾನು ಕಣ್ಣು ಮುಚ್ಚಿದೆ."

ಅದೇ ಮಧ್ಯಾಹ್ನ ಇಬ್ಬರು ಪಂಚರೊಂದಿಗೆ ಪೊಲೀಸರು ಹಿಂದಿನ ಅಂಕಣಕ್ಕೆ ಕಾಲಿಟ್ಟರು. ಕಿಟಕಿಯೇ ಇಲ್ಲದ ಕೋಣೆ. ನೆಲದಲ್ಲಿ ಗುಂಡಿ, ಗುಂಡಿಯಂಚಿನಲ್ಲಿ ಮಗ್ಗ. ಮಗ್ಗದ ಮೇಲೆ ಹಳೆ ಕಂಬಳಿ ಹೊದಿಸಿದ್ದರು. ಓಬಣ್ಣ ಕಂಬಳಿ ಎತ್ತಿದ, ಹಾಗೇ ಹಿಂದಕ್ಕೆ ಸರಿದ. ಕೆಂಪು ರೇಷ್ಮೆಯ ಹಾಸು ಈ ತುದಿಯಿಂದ ಆ ತುದಿಗೆ ಕತ್ತರಿಸಿಹೋಗಿತ್ತು. ಅರ್ಧ ನೇಯ್ದ ಧಾರೆ ಸೀರೆ ದಿಂಡಿಗೆ ಸುತ್ತಿಕೊಂಡು ಅನಾಥವಾಗಿ ನಿಂತಿತ್ತು.

"ಯಾರೋ ಹೆಣದ ಮುಖ ತೋರಿಸ್ದಂಗಾತು ಸಾರ್," ಎಂದ ಓಬಣ್ಣ. ಅವನ ತಾಯಿ ಸಾಯುವ ತನಕ ನೇಯ್ದವಳು.

ಸೀರೆ ಸುತ್ತುವ ದಿಂಡಿನ ಒಂದು ಬದಿಯಲ್ಲಿ ಹಗ್ಗ ಬಿಗಿದ ಹೊಸ ಗಾಯಗಳಿದ್ದವು. ದಿಂಡು ತಿರುಗಿಸುವ ಕೋಲು ಬಾಗಿ ಸೀಳಿತ್ತು. ಸೀರೆ ಸುತ್ತಲು ಅಷ್ಟು ಬಲ ಬೇಕಿಲ್ಲ. ಗುಂಡಿಯ ತಳದಲ್ಲಿ ಚಿಂದಿಯ ಕೆಳಗೆ ಉಳಿದ ಹಗ್ಗ ಸಿಕ್ಕಿತು. ಎರಡು ತುಂಡುಗಳ ತುದಿ ಜೋಡಿಸಿದಾಗ ಒಂದಕ್ಕೊಂದು ಕೂತವು. ಪಂಚನಾಮೆ ಬರೆದು, ಹಗ್ಗ, ಕೋಲು, ದಿಂಡು ಮೂರನ್ನೂ ಜಪ್ತು ಮಾಡಿದರು.

ಯರ್ರಪ್ಪ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಅವನ ಹೆಂಡತಿ ಚಿತ್ತಮ್ಮ ಒಲೆಯ ಬಳಿ ನಿಂತಿದ್ದಳು.

"ಹಗ್ಗ ಯಾರು ಕಡಿದಿದ್ದು?"

ಯರ್ರಪ್ಪ ಒಮ್ಮೆ ಮಗ್ಗದ ಕಡೆ ನೋಡಿದ.

"ಕಂಬದ ಬುಡಕ್ಕೆ ಯಾರು ಕಟ್ಟಿದ್ದು?"

"ನಾನೇ ಸಾರ್."

"ಬೆಣೆ?"

"ಎರಡರಾಗೆ ಒಂದು ತೆಗೆದಿದ್ದೆ. ಅವನು ಹೋಟ್ಲಿಗೆ ಊಟಕ್ಕೆ ಹೋದಾಗ."

"ಆಮೇಲೆ?"

"ಬಂದು ಮಲಗಿದ. ಕಿಂಡಿಯಾಗೆ ಕಾಲು ಕಾಣ್ತಿತ್ತು. ನಿದ್ದೆ ಹತ್ತಾತನ್ಕ ಕಾದೆ. ದಿಂಡು ತಿರುಗಿಸ್ದೆ."

"ಎದ್ದು ಹೋಗ್ಲಿಲ್ವಾ ಆ ಕಡೆ?"

"ಇಲ್ಲ ಸಾರ್. ಕೂತಲ್ಲೇ."

ಕೂತಲ್ಲಿಂದ ಏಳದೆ ಒಬ್ಬ ಮನುಷ್ಯನನ್ನು ಕೊಂದು, ಹಗ್ಗ ಕಡಿದು, ಆಮೇಲೆ ಎದ್ದುಹೋಗಿ ಅವನ ಹೆಣಕ್ಕೆ ಹೆಗಲು ಕೊಟ್ಟವನು ಇವನು. ಹುಬ್ಬಿನ ಗಾಯವೂ ಠಾಣೆಗೆ ಬರುವ ಮುಂಚೆ ಕಲ್ಲು ಸರಿಸಲು ಹೋದಾಗ ಆದದ್ದು. ಪಂಚನಾಮೆಗೆ ಸಹಿ ಹಾಕಿಸಿಕೊಂಡದ್ದು ನೆನಪಾಗಿ ಓಬಣ್ಣನಿಗೆ ಮೈ ಪರಚಿಕೊಳ್ಳುವಂತಾಯಿತು.

"ಯಾಕೆ?" ದೊಡ್ಡಪಾಲಯ್ಯ ಕೇಳಿದರು.

"ನೋಡ್ರಿ ಅಲ್ಲಿ. ಹಾಸು ಕತ್ತರಿಸ್ದ. ನಾನು ಹೇಮಂತಣ್ಣನ ಅಂಗಡಿಗೆ ಹೋದಾಗ ಬಂದು ಕತ್ತರಿಸಿ ಹೋದ. ದೇವುಡಾ, ಮಗ್ಗದ ಮೇಲಿನ ಹಾಸು ಯಾರಾರ ಕತ್ತರಿಸ್ತಾರಾ?"

ಪಂಚರಿಬ್ಬರೂ ನೇಕಾರರೇ. ಅವರು ಕತ್ತರಿಸಿದ ಎಳೆಗಳನ್ನು ನೋಡಿದರು, ಯರ್ರಪ್ಪನನ್ನು ನೋಡಿದರು. ಅವರ ಮುಖದಲ್ಲಿ ಕೊಲೆಗಾರನ ಮೇಲೆ ಅಸಹ್ಯವಿರಲಿಲ್ಲ. ಒಬ್ಬನಂತೂ "ಅಯ್ಯೋ ಪಾಪ" ಎಂದೇಬಿಟ್ಟ. ಪಾಪ ಎಂದದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ.

20ರ ಸಂಜೆ ಯರ್ರಪ್ಪನ ದಸ್ತಗಿರಿಯಾಯಿತು. ಪ್ರಕರಣಕ್ಕೆ ಕೊಲೆಯ ಕಲಂ ಸೇರಿತು.

ರಸೂಲ್ ಸಾಬರನ್ನು ಬಸ್ ಸ್ಟ್ಯಾಂಡಿನಿಂದ ಕರೆಸಿ ವಿಷಯ ಹೇಳಿದರು. ಅವರು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, "ಯಾ ಅಲ್ಲಾ, ನಾನಲ್ಲ, ನಾನಲ್ಲ," ಎಂದು ಅತ್ತರು. ಅಳುವುದರಲ್ಲಿ ನೆಮ್ಮದಿಯೂ ಇತ್ತು. ಅದು ತಮಗೇ ಗೊತ್ತಾಗಿ ನಾಚಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ತಲೆಯೆತ್ತಿದರು.

"ಹಾಸು ಕತ್ತರಿಸಿದ್ದು ಯಾವತ್ತಂತೆ?"

"ಹೋದ ಮಂಗಳವಾರದ ಹಿಂದಿನ ಮಂಗಳವಾರ. ಬೆಳಿಗ್ಗೆ."

"ಆ ಮಂಗಳವಾರ ರಫೀಕ್ ನನ್ನ ಜೊತೆ ಗಿರಣಿಯಲ್ಲಿದ್ದ ಸಾಬ್. ಎಂಜಿನ್ ಬಿಚ್ಚಿದ್ವಿ. ಬೆಳಿಗ್ಗೆಯಿಂದ ಕತ್ತಲಾಗೋವರೆಗೆ ಇಬ್ರೂ ಕೈ ತೊಳೀಲಿಲ್ಲ. ಗಿರಣಿಯೋರನ್ನ ಕೇಳ್ರಿ. ನನ್ನ ಮಗ ಕೋಳಿ ಕೊಯ್ಯೋವಾಗ್ಲೂ ಆ ಕಡೆ ತಿರುಗಿ ನಿಲ್ತಿದ್ದ. ಅವನು ಕತ್ತರಿಸ್ಲಿಲ್ಲ."

ಚಳ್ಳಕೆರೆಗೆ ಕಾನ್‌ಸ್ಟೆಬಲ್ ಹೋಗಿ ವಿಚಾರಿಸಿ ಬಂದ. ರಸೂಲ್ ಸಾಬರ ಮಾತು ನಿಜ. ಗಿರಣಿಯ ಕೆಲಸದವರೆಲ್ಲ ಒಂ‍ದೇ ಮಾತು ಹೇಳಿದರು.

ಮರುದಿನ ಬೆಳಿಗ್ಗೆ ಚಿತ್ತಮ್ಮ ಗಂಡನಿಗೆ ಮುದ್ದೆ ಸಾರು ಹಿಡಿದು ಠಾಣೆಗೆ ಬಂದಳು. ದೊಡ್ಡಪಾಲಯ್ಯ ಬುತ್ತಿಯನ್ನು ಒಳಗೆ ಕಳಿಸಿ ಅವಳನ್ನು ತಮ್ಮ ಮುಂದೆ ಕೂರಿಸಿದರು.

"ರಫೀಕ್ ಹಾಸು ಕತ್ತರಿಸಿದ್ದು ಯಾರು ನೋಡಿದ್ದು?"

"ನಾನು."

"ಎಲ್ಲಿ ನಿಂತು ನೋಡಿದೆ?"

"ಒಲೆ ಹತ್ರ."

"ಅವತ್ತು ಅವನು ಚಳ್ಳಕೆರೆ ಬಿಟ್ಟೇ ಇಲ್ಲ ಕಣಮ್ಮ."

ಚಿತ್ತಮ್ಮ ಸೆರಗಿನ ತುದಿಯನ್ನು ಬೆರಳಲ್ಲಿ ಹೊಸೆಯುತ್ತ ಕೂತಳು. ಹೊಸೆಯುವುದು, ಬಿಚ್ಚುವುದು, ಮತ್ತೆ ಹೊಸೆಯುವುದು. ಆಮೇಲೆ ತಾನಾಗಿಯೇ ಶುರು ಮಾಡಿದಳು.

"ನಾನೇ ಕತ್ತರಿಸ್ದೆ ಸಾರ್. ಹದಿನಾಕು ವರ್ಷಕ್ಕೆ ಮದುವೆ ಮಾಡಿ ಆ ಕತ್ತಲೆ ಮನೆಗೆ ತಂದ್ರು. ಕಂಡಿಕೆಗೆ ನೂಲು ಸುತ್ತೋದು, ಎಳೆ ಹೊಸೆಯೋದು, ಅಷ್ಟೇ. ಹಾಸು ಮುಗೀಲಿ, ಒಂದ್ಸಲ ನಮ್ಮವ್ವನ ಮನೆಗೆ ಹೋಗಿ ಬರ್ತೀನಿ ಅಂದ್ರೆ, ಮುಗಿಯಾಕೆ ಮುಂಚೆ ಇನ್ನೊಂದು ತಂದು ಕೂಡ್ಸು ಅಂತಿದ್ದ. ನಮ್ಮವ್ವ ಸತ್ತಾಗ್ಲೂ ಎಳೆ ಅರ್ಧ ಆಗಿತ್ತು, ಕಳಿಸ್ಲಿಲ್ಲ. ನೋಡ್ರಿ ಈ ಬೆರಳು. ಬಿಸಿನೂ ಗೊತ್ತಾಗಲ್ಲ, ತಣ್ಣಗಿದ್ರೂ ಗೊತ್ತಾಗಲ್ಲ."

"ರಫೀಕ್ ಏನಂದಿದ್ದ?"

"ಅಕ್ಕ, ಚಳ್ಳಕೆರೆಗೆ ಬರ್ರಿ, ಗಿರಣಿಯಾಗೆ ಇಬ್ರಿಗೂ ಕೆಲಸ ಐತೆ, ನಮ್ಮ ಓಣಿಯಾಗೇ ಮನೆ ನೋಡೀನಿ ಅಂದ. ಕಿಟಕಿ ಐತಾ ಅಂತ ಕೇಳ್ದೆ. ಎರಡು ಐತೆ ಅಂದ. ಅವರಪ್ಪ ಕಂಬ ಕಿತ್ತಾಕು ಅಂದಿದ್ರಂತೆ. ಅಕ್ಕ ಹೋಗೋವರ್ಗೂ ನಾನು ಕಂಬ ಮುಟ್ಟಲ್ಲ, ಮಗ್ಗದ ಹಗ್ಗ ಎಲ್ಲಿ ಕಟ್ತೀರಾ ಅಂತ ಅವನೇ ಅಂದ. ಮನೆ ಬಿದ್ದ ದಿನ ಬೆಳಿಗ್ಗೆ ಅಂದಿದ್ದು ಅದು."

"ಮತ್ತೆ ಅವನ ಹೆಸರು ಯಾಕೆ ಹೇಳ್ದೆ?"

"ನಾನು ಅಂದಿದ್ರೆ ನನ್ನ ಕೊಲ್ತಿದ್ದ ಸಾರ್. ಅವನಿಗೆ ಬೈದು ಸುಮ್ನಾಗ್ತಾನೆ ಅನ್ಕೊಂಡೆ. ಬೇರೆ ಊರಿನೋನು, ಗಂಡಸು, ಓನರು. ಅವನಿಗೇನಾಗ್ತೈತೆ ಅನ್ಕೊಂಡೆ."

ಅವಳು ಅಳಲಿಲ್ಲ. ದೊಡ್ಡಪಾಲಯ್ಯರಿಗೆ ಅವಳ ಮೇಲೆ ಕನಿಕರ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಕ್ಕ ಎಂದು ಕರೆದ ಹುಡುಗನ ತಲೆಗೆ ತನ್ನ ತಲೆಯ ಮೇಲಿನ ಏಟನ್ನು ವರ್ಗಾಯಿಸಿ ಕೂತಿದ್ದಾಳೆ. ಹೇಳಿಕೆ ಬರೆದುಕೊಂಡು ಅವಳನ್ನು ಕಳಿಸಿದರು. ಆಮೇಲೆ ಎದ್ದು ಲಾಕಪ್ಪಿನ ಹತ್ತಿರ ಹೋದರು. ಹೇಳುವ ಅಗತ್ಯ ಅವರಿಗೇನೂ ಇರಲಿಲ್ಲ. ಯರ್ರಪ್ಪ ಎರಡನೇ ಮುದ್ದೆ ಮುರಿಯುತ್ತ ನೆಮ್ಮದಿಯಾಗಿ ಕೂತಿದ್ದುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಅವನಿಗೆ ನೋವಾಗಲಿ ಎಂದೇ ಹೇಳಿದರು.

"ಲೇ ಯರ್ರಪ್ಪ, ಹಾಸು ಕತ್ತರಿಸಿದ್ದು ಆ ಹುಡುಗ ಅಲ್ಲ ಕಣಲೇ. ನಿನ್ನ ಹೆಂಡ್ತಿ."

ಯರ್ರಪ್ಪ ತುತ್ತು ನುಂಗಿ ಕೈ ನೆಕ್ಕಿಕೊಂಡ.

"ಗೊತ್ತು ಸಾರ್," ಎಂದ.

ಬಾಗಿಲಲ್ಲಿ ನಿಂತಿದ್ದ ಓಬಣ್ಣ ಒಳಗೆ ಬಂದ.

"ಏನು ಗೊತ್ತು?"

"ಹೊರಗಿನೋನು ಕತ್ತರಿಸಿದ್ರೆ ಎಲ್ಲಂದ್ರಲ್ಲಿ ಹರೀತಿದ್ದ. ಇದು ಎಳೆ ಪೋಣಿಸಿರೋ ಹಣಿಗೆಯಿಂದ ಗೇಣು ಬಿಟ್ಟು, ಒಂದೇ ಸಮ ಕತ್ತರಿಸೈತೆ. ಮತ್ತೆ ಹೊಸೆಯಾಕೆ ಎಳೆ ಸಿಗ್ಲಿ ಅಂತ ಬಿಟ್ಟವ್ಳೆ. ಸಿಟ್ಟಾಗಿದ್ರೂ ಕೈ ಅಭ್ಯಾಸ ಹೋಗಲ್ಲ ನೋಡ್ರಿ." ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ನೋಡಿದ ಕೂಡ್ಲೇ ತಿಳೀತು. ಅವನು ಕತ್ತರಿಸ್ದ ಅಂದ್ಲು. ಆಯ್ತು ಅಂದೆ."

"ಗೊತ್ತಿದ್ದೂ ಅವನನ್ನ ಯಾಕೆ ಕೊಂದೆ?"

"ಅವನಿದ್ರೆ ಅವಳು ಹೋಗೇ ಹೋಗ್ತಿದ್ಲು ಸಾರ್. ಚಳ್ಳಕೆರೆ, ಚಳ್ಳಕೆರೆ ಅಂತ ಒಂದೇ ಜಪ."

"ಕತ್ತರಿಸಿದೋಳು ಅವಳು. ಅವಳನ್ನ ಬಿಟ್ಟೆ?"

ಯರ್ರಪ್ಪ ಇನ್ಸ್‌ಪೆಕ್ಟರ್ ಮುಖವನ್ನು ನೋಡಿದ. ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ ನೋಡಿದ.

"ಅವಳನ್ನ ಕೊಂದ್ರೆ ಎಳೆ ಹೊಸೆಯೋರು ಯಾರು ಸಾರ್?"

ಓಬಣ್ಣ ತಟ್ಟೆಯನ್ನು ಕಸಿದುಕೊಂಡು ಹೊರಗೆ ಹೋದ.

ಅದೇ ದಿನ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಜೈಲಿಗೆ ಕಳಿಸಿದರು. ಮಗನ ಬಟ್ಟೆ, ವಾಚು ಪಡೆಯಲು 22ರಂದು ರಸೂಲ್ ಸಾಬ್ ಮತ್ತು ಸಕೀನಾ ಬೀ ಬಂದರು. ಬೆಂಚಿನ ಮೇಲೆ ಈ ಸಲ ಹತ್ತಿರ ಕೂತಿದ್ದರು. ಸಕೀನಾ ಬೀಯೇ ಕೇಳಿದರು.

"ಹಾಸು ನನ್ನ ಮಗ ಕತ್ತರಿಸ್ಲಿಲ್ಲ ಅಂದ್ಮೇಲೆ, ಯಾಕೆ ಕೊಂದ?"

ದೊಡ್ಡಪಾಲಯ್ಯ ಫೈಲು ಮುಚ್ಚಿದರು. ದೋಷಾರೋಪ ಪಟ್ಟಿಯಲ್ಲಿ ಉದ್ದೇಶದ ಕಡೆ ಬರೆಯಬೇಕೆಂದುಕೊಂಡಿದ್ದನ್ನೇ ಹೇಳಿದರು.

"ಮನೆ ಬಿಡಾಕೆ ಮನಸ್ಸಿರ್ಲಿಲ್ಲಮ್ಮ."

"ನನ್ನ ಮಾತು ಕೇಳಿ ಕಂಬಕ್ಕೆ ಕೈ ಹಾಕಿದ್ನಾ ಸಾಬ್?" ರಸೂಲ್ ಸಾಬ್ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಲು ಕೇಳಿದರು.

"ಇಲ್ಲ. ನಿಮ್ಮ ಮಾತು ಕೇಳ್ಲಿಲ್ಲ ಅವನು."

"ಒಳ್ಳೇದಾಯ್ತು," ಎಂದರು ರಸೂಲ್ ಸಾಬ್. "ಕೇಳದಿದ್ದಿದ್ದೇ ಒಳ್ಳೇದಾಯ್ತು."

ಕೇಳಿದ್ದರೆ ಅವತ್ತೇ ಗಾರೆ ಮೇಸ್ತ್ರಿಯನ್ನು ಕರೆಸುತ್ತಿದ್ದ, ತೊಲೆ ನೋಡಿದ ಮೇಸ್ತ್ರಿ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ ಎಂದು ದೊಡ್ಡಪಾಲಯ್ಯ ಹೇಳಲಿಲ್ಲ. ವಾಚು ಮತ್ತು ಬಟ್ಟೆ ಕೊಟ್ಟು, ರಸೀದಿಗೆ ಸಹಿ ಮಾಡಿಸಿಕೊಂಡು, ಚಳ್ಳಕೆರೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಓಬಣ್ಣನನ್ನು ಕೇಳಿದರು.